ಪುಟ್ಟಿಯ ಹೊಟ್ಟೆ, ಅಕ್ಕನ ತಟ್ಟೆ

ಮ್ಯಾಗಝಿನ್‌ಗೆ ಲೇಖನ ಕೊಡಿ ಅಂತ ಕನ್ನಡ ಸಂಘದ ಗ್ರೂಪಿನಲ್ಲಿ ಮೆಸೇಜ್ ಬಂದ ದಿನವೇ ಒಬ್ಬೊಬ್ಬರೂ ಒಂದೊಂದು ವಿಷಯ ಹಿಡಿದುಕೊಂಡುಬಿಟ್ಟರು. ಒಬ್ಬರು ಕುಮಾರಪರ್ವತದ ಟ್ರೆಕ್ಕಿಂಗ್, ಇನ್ನೊಬ್ಬರು ಹಾಸ್ಟೆಲ್ ಮೆಸ್, ಮತ್ತೊಬ್ಬರು ಎಐ ಬಂದ ಮೇಲೆ ನಮ್ಮೆಲ್ಲರ ಕೆಲಸದ ಗತಿ. ಈ ಸೆಮಿಸ್ಟರ್ ರಜೆಯಲ್ಲಿ ನಮಗೆ ಸರಿಯಾಗಿ ಗೊತ್ತಾದ ವಿಷಯ ಒಂದೇ: ಎಳೆ ಮಗುವಿನ ಹೊಟ್ಟೆ. ನಗಬೇಡಿ. ಇವತ್ತಲ್ಲ ನಾಳೆ ನಿಮ್ಮ ಮನೆಗೂ ಅಕ್ಕನೋ ದೊಡ್ಡಪ್ಪನ ಮಗಳೋ ಬಾಣಂತನಕ್ಕೆ ಬರುತ್ತಾರೆ. ಆವತ್ತು ಇದರಲ್ಲಿ ಎರಡು ಮಾತು ನೆನಪಾದರೂ ಸಾಕು.

ನಾವು ಅಂದ್ರೆ ನಾನು ಮತ್ತು ಸೆಕೆಂಡ್ ಪಿಯುಸಿ ಓದುತ್ತಿರುವ ನನ್ನ ತಮ್ಮ. ನೋಡಿದ್ದು, ಎತ್ತಿಕೊಂಡದ್ದು, ನಿದ್ದೆ ಕೆಟ್ಟದ್ದು ಎಲ್ಲಾ ಇಬ್ಬರೂ ಸೇರಿಯೇ. ಹಾಗಾಗಿ ಇಲ್ಲಿ ಎಲ್ಲಾ ಕಡೆ 'ನಾವು' ಅಂತಲೇ ಬರೆದಿದ್ದೇವೆ. ಊರು ತಿಪಟೂರು. ಮನೆಯಲ್ಲಿ ಅಪ್ಪ, ಅಮ್ಮ, ಎಪ್ಪತ್ತೈದು ದಾಟಿದ ಅಜ್ಜಿ, ಅಂದ್ರೆ ಅಪ್ಪನ ತಾಯಿ. ಬೆಂಗಳೂರಿನಲ್ಲಿ ಕೆಲಸ ಮಾಡುವ ಅಕ್ಕ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಡಿಸೆಂಬರ್ ಮಧ್ಯದಲ್ಲಿ ಪುಟ್ಟಿ ಹುಟ್ಟಿದಳು. ನಮ್ಮ ಎಕ್ಸಾಮ್ ಮುಗಿದು ರಜೆ ಶುರುವಾಗುವ ಹೊತ್ತಿಗೆ ಅವಳಿಗೆ ನಾಲ್ಕು ವಾರ.

ನಾವಿಬ್ಬರೂ ಓದಿದ್ದು ಇಂಗ್ಲಿಷ್ ಮೀಡಿಯಂ. ಹತ್ತನೇ ಕ್ಲಾಸಿನಲ್ಲಿ ಡೈಜೆಸ್ಟಿವ್ ಸಿಸ್ಟಮ್ ಚಿತ್ರ ಬಿಡಿಸಿ, ಬಾಣದ ಗುರುತು ಹಾಕಿ, ಐದಕ್ಕೆ ಐದು ಮಾರ್ಕ್ಸ್ ತೆಗೆದುಕೊಂಡವರು. ಆದರೆ ಮನೆಯಲ್ಲಿ ನಡೆಯುತ್ತಿದ್ದ ಮಾತುಕತೆಯಲ್ಲಿ ಅರ್ಧ ನಮಗೆ ತಿಳಿಯುತ್ತಿರಲಿಲ್ಲ. 'ಕಕ್ಕಿತಾ?', 'ತೇಗು ಬಂತಾ?', 'ಯಾಕೋ ತಿಣುಕ್ತಾ ಇದೆ', 'ಹೊಟ್ಟೆ ಉಬ್ಬರಿಸಿದೆ', 'ನೆತ್ತಿ ನೋಡು'. ಅಜ್ಜಿಯ ಹತ್ತಿರ ಮಗುವಿನ ಹೊಟ್ಟೆಗೆ ಸಂಬಂಧಪಟ್ಟ ಪದಗಳೇ ಒಂದು ನಿಘಂಟಿಗಾಗುವಷ್ಟಿವೆ. ಕಕ್ಕೋದು ಬೇರೆ, ವಾಂತಿ ಬೇರೆ ಅನ್ನೋದು ನಮಗೆ ಗೊತ್ತಾದದ್ದು ಅವಳಿಂದಲೇ. ಹಾಲು ಕುಡಿದ ಮೇಲೆ ಬಾಯಿ ಅಂಚಿನಿಂದ ಸುಮ್ಮನೆ ಸೋರಿ ಬಂದರೆ ಅದು ಕಕ್ಕಿದ್ದು. ಹೊಟ್ಟೆ ಹಿಂಡಿ, ಜೋರಾಗಿ ಹೊರಗೆ ಹಾರಿದರೆ ಅದು ವಾಂತಿ. ಈ ವ್ಯತ್ಯಾಸ ಎಷ್ಟು ಮುಖ್ಯ ಅಂತ ಆಮೇಲೆ ಡಾಕ್ಟರ್ ಹೇಳಿದಾಗ ತಿಳೀತು.

ಪುಟ್ಟಿ ಹಗಲೆಲ್ಲ ಸಾಧು. ಸಂಜೆ ದೇವರ ದೀಪ ಹಚ್ಚುವ ಹೊತ್ತಿಗೆ ಶುರು. ಮುಖ ಕೆಂಪು, ಮುಷ್ಟಿ ಬಿಗಿ, ಮೊಣಕಾಲು ಹೊಟ್ಟೆಗೆ ಎಳೆದುಕೊಂಡು ಒಂದೇ ಸಮನೆ ಅಳು. ಆರೂವರೆಗೆ ಶುರುವಾದರೆ ಒಂಬತ್ತೂವರೆ, ಹತ್ತು. ಹಾಲು ಕೊಟ್ಟರೆ ಎರಡು ಗುಟುಕು ಕುಡಿದು ತಲೆ ತಿರುಗಿಸುತ್ತಿದ್ದಳು. ಎತ್ತಿಕೊಂಡರೆ ಎರಡು ನಿಮಿಷ ಸುಮ್ಮನಾಗಿ ಮತ್ತೆ ಶುರು ಮಾಡುತ್ತಿದ್ದಳು. ನಮ್ಮ ಪ್ರೋಗ್ರಾಮಿಂಗ್ ಲ್ಯಾಬ್‌ನಲ್ಲಿ ಏನಾದರೂ ತಪ್ಪಿದರೆ ಕಂಪ್ಯೂಟರ್ ಎಷ್ಟನೇ ಸಾಲು ಅಂತಲಾದರೂ ಹೇಳುತ್ತೆ. ಇಲ್ಲಿ ಹಸಿವಿಗೂ ಅಳು, ಗಾಳಿಗೂ ಅಳು, ನಿದ್ದೆಗೂ ಅಳು, ಒದ್ದೆಗೂ ಅಳು.

ಕಾರಣ ಹೇಳೋರಿಗೆ ಮನೆಯಲ್ಲಿ ಬರವಿರಲಿಲ್ಲ. ಅಜ್ಜಿ ಗಾಳಿ ಅಂದಳು. ಪಕ್ಕದ ಮನೆ ಆಂಟಿ ದೃಷ್ಟಿ ಅಂದರು. ಅಮ್ಮನಿಗೆ ಹಾಲು ಸಾಲ್ತಿಲ್ಲವೇನೋ ಅಂತ ಅನುಮಾನ. ಬೆಂಗಳೂರಿನಿಂದ ಭಾವ ವೀಡಿಯೊ ಕಾಲ್ ಮಾಡಿ ಗೂಗಲ್‌ನಲ್ಲಿ ಓದಿದ್ದನ್ನೆಲ್ಲ ಹೇಳುತ್ತಿದ್ದರು. ಆದರೆ ಕೊನೆಗೆ ಎಲ್ಲರೂ ಬಂದು ನಿಲ್ಲುತ್ತಿದ್ದದ್ದು ಒಂದೇ ಪ್ರಶ್ನೆಗೆ. ಆ ಪ್ರಶ್ನೆ ಹೋಗುತ್ತಿದ್ದದ್ದು ಅಕ್ಕನ ಕಡೆಗೆ: "ಮಧ್ಯಾಹ್ನ ಏನೇ ತಿಂದೆ?"

ಪುಟ್ಟಿ ಒಂದು ದಿನ ಜೋರಾಗಿ ಅತ್ತರೆ ಮಾರನೇ ದಿನ ಅಕ್ಕನ ತಟ್ಟೆಯಿಂದ ಒಂದು ಪದಾರ್ಥ ಮಾಯ. ಮೊದಲು ಆಲೂಗಡ್ಡೆ ಹೋಯಿತು, ವಾಯು ಅಂತ. ಬದನೆಕಾಯಿ ನಂಜು ಅಂತ ಹೋಯಿತು. ಆಮೇಲೆ ಕಡಲೆಬೇಳೆ, ಮೊಸರು, ಬಾಳೆಹಣ್ಣು. ಒಂದು ದಿನ ತೊಗರಿಬೇಳೆ ಮೇಲೂ ಅನುಮಾನ ಬಂತು. ಅದು ಅವರೆಕಾಯಿ ಕಾಲ ಬೇರೆ. ಮನೆಯವರೆಲ್ಲ ನಡುಮನೆಯಲ್ಲಿ ಕೂತು ಅವರೆಕಾಳು ಹಿತಕುತ್ತಿದ್ದರೆ ಅಕ್ಕ ರೂಮಿನ ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋಗುತ್ತಿದ್ದಳು. ಕೊನೆಗೆ ಉಳಿದದ್ದು ಅನ್ನ, ತುಪ್ಪ, ಮೆಣಸಿನ ಸಾರು, ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು. ಇಷ್ಟೆಲ್ಲ ಬಿಟ್ಟರೂ ಸಂಜೆ ಆರೂವರೆಯ ಅಳು ಒಂದು ನಿಮಿಷ ಕಮ್ಮಿ ಆಗಲಿಲ್ಲ.

ಒಂದು ರಾತ್ರಿ ಅಕ್ಕ ಮಗುವನ್ನು ತೊಟ್ಟಿಲಲ್ಲಿ ಮಲಗಿಸಿ, ಯಾರಿಗೂ ಏನೂ ಹೇಳದೆ ಹಿತ್ತಲಿಗೆ ಹೋಗಿ ಕಲ್ಲಿನ ಮೇಲೆ ಕೂತು ಅತ್ತಳು. ನಾವು ಹೋಗಿ ಪಕ್ಕದಲ್ಲಿ ಕೂತೆವು. "ನನ್ನ ಹಾಲೇ ಸರಿ ಇಲ್ವೇನೋ" ಅಂದಳು. ಆಫೀಸಿನಲ್ಲಿ ಹತ್ತು ಜನರ ಟೀಮ್ ನಡೆಸುವ ಅಕ್ಕ ಹೀಗೆ ಮಾತಾಡಿದ್ದನ್ನು ನಾವು ಯಾವತ್ತೂ ಕೇಳಿರಲಿಲ್ಲ. ಒಳಗೆ ಅಮ್ಮ ಪುಟ್ಟಿಯನ್ನು ಎತ್ತಿಕೊಂಡು ಓಡಾಡುತ್ತಿದ್ದ ಸದ್ದು ಕೇಳುತ್ತಿತ್ತು. ಆವತ್ತಿನಿಂದ ಸಂಜೆಯ ಶಿಫ್ಟ್ ನಮ್ಮದು ಅಂತ ನಾವು ತೀರ್ಮಾನ ಮಾಡಿದೆವು. ಆರೂವರೆಯಿಂದ ಎಂಟು ತಮ್ಮ, ಎಂಟರಿಂದ ಮುಗಿಯುವವರೆಗೆ ನಾನು. ಜೊತೆಗೆ ಒಂದು ಲ್ಯಾಬ್ ರೆಕಾರ್ಡ್ ಬುಕ್‌ನ ಹಿಂದಿನ ಹಾಳೆಗಳಲ್ಲಿ ಅಳು ಶುರುವಾದ ಹೊತ್ತು, ನಿಂತ ಹೊತ್ತು, ಹಾಲು, ಉಚ್ಚೆ, ಕಕ್ಕ, ಅಕ್ಕ ತಿಂದದ್ದು, ಅಜ್ಜಿ ಮಾಡಿದ ಮದ್ದು ಎಲ್ಲಾ ಬರೆಯಲು ಶುರು ಮಾಡಿದೆವು.

ಆರು ವಾರದ ಲಸಿಕೆಗೆ ಹೋದಾಗ ಆ ಪುಸ್ತಕವನ್ನೂ ತೆಗೆದುಕೊಂಡು ಹೋದೆವು. ಡಾಕ್ಟರ್ ಮೊದಲು ಮಾಡಿದ್ದು ಪುಟ್ಟಿಯ ತೂಕ ನೋಡಿದ್ದು. ತೂಕ ಚೆನ್ನಾಗಿಯೇ ಏರಿತ್ತು. ಹೊಟ್ಟೆ ಒತ್ತಿ ನೋಡಿದರು, ಬಾಯಿ, ಕಿವಿ, ನೆತ್ತಿ ನೋಡಿದರು. ದಿನಕ್ಕೆ ಎಷ್ಟು ಸಲ ಉಚ್ಚೆ ಅಂತ ಕೇಳಿದರು. ಆಮೇಲೆ ಹೇಳಿದರು, ಇದಕ್ಕೆ ಕಾಲಿಕ್ ಅಂತಾರೆ, ಮಗು ಆರೋಗ್ಯವಾಗಿದೆ ಅಂತ. ಇದಕ್ಕೆ ಒಂದು ಹಳೆಯ ಲೆಕ್ಕ ಇದೆ. 1954ರಲ್ಲಿ ಅಮೆರಿಕದ ಡಾಕ್ಟರ್ ವೆಸೆಲ್ ಮತ್ತು ಅವರ ಜೊತೆಯವರು ಕೊಟ್ಟ ಮೂರರ ಸೂತ್ರ: ಆರೋಗ್ಯವಾಗಿರುವ ಮಗು ದಿನಕ್ಕೆ 3 ಗಂಟೆಗಿಂತ ಹೆಚ್ಚು, ವಾರಕ್ಕೆ 3 ದಿನಕ್ಕಿಂತ ಹೆಚ್ಚು, 3 ವಾರಕ್ಕಿಂತ ಹೆಚ್ಚು ಕಾಲ ಅಳೋದು. ಸಾಮಾನ್ಯವಾಗಿ ಎರಡು ಮೂರನೇ ವಾರಕ್ಕೆ ಶುರುವಾಗಿ, ಆರನೇ ವಾರದ ಸುಮಾರಿಗೆ ತುತ್ತತುದಿಗೆ ಹೋಗಿ, ಮೂರು ನಾಲ್ಕು ತಿಂಗಳಿಗೆ ತಾನಾಗಿಯೇ ನಿಲ್ಲುತ್ತೆ. ಯಾಕೆ ಬರುತ್ತೆ ಅನ್ನೋದಕ್ಕೆ ಇವತ್ತಿಗೂ ಒಂದೇ ಉತ್ತರ ಇಲ್ಲ. ಹೊಟ್ಟೆಯಲ್ಲಿ ಗಾಳಿ ಇರೋದು ನಿಜ. ಆದರೆ ಮಗು ಅತ್ತಾಗ ಗಾಳಿ ನುಂಗುತ್ತೆ, ಹಾಗಾಗಿ ಎಷ್ಟೋ ಸಲ ಗಾಳಿಯಿಂದ ಅಳು ಅಲ್ಲ, ಅಳುವಿನಿಂದ ಗಾಳಿ.

ಕೊನೆಯಲ್ಲಿ ಅವರು ಅಕ್ಕನ ಕಡೆ ತಿರುಗಿ, "ನೀವು ಬೆಳಿಗ್ಗೆ ಏನು ತಿಂದ್ರಿ?" ಅಂತ ಕೇಳಿದರು. ಅಕ್ಕ ಹೆದರಿಕೊಂಡೇ "ಎರಡು ತುತ್ತು ಅನ್ನ, ಸಾರು" ಅಂದಳು. ಅವರು ತಲೆ ಅಲ್ಲಾಡಿಸಿ, "ಸಾಲಲ್ಲಮ್ಮ. ಬೇಳೆ, ಕಾಳು, ಮೊಸರು, ಹಣ್ಣು ಎಲ್ಲಾ ತಿನ್ನಬೇಕು. ನೀವು ಉಪವಾಸ ಇದ್ರೆ ಅವಳ ಅಳು ನಿಲ್ಲಲ್ಲ" ಅಂದರು. ಅದೇ ಪ್ರಶ್ನೆಯನ್ನು ಅಕ್ಕನ ಕಡೆ ನಿಂತು ಕೇಳಿದ ಮೊದಲನೇ ವ್ಯಕ್ತಿ ಅವರು.

ಇದರ ಹಿಂದಿನ ಲೆಕ್ಕ ನಮಗೆ ತುಂಬಾ ಹಿಡಿಸಿತು. ಅವರೆಕಾಳು ತಿಂದರೆ ನಮಗೆ ಹೊಟ್ಟೆ ಉಬ್ಬರಿಸುವುದು ಯಾಕೆ? ಅದರಲ್ಲಿರುವ ಕೆಲವು ಸಕ್ಕರೆಗಳು ಸಣ್ಣ ಕರುಳಿನಲ್ಲಿ ಜೀರ್ಣ ಆಗಲ್ಲ. ಅವು ದೊಡ್ಡ ಕರುಳಿಗೆ ಹೋಗಿ ಅಲ್ಲಿನ ಬ್ಯಾಕ್ಟೀರಿಯಾಗಳ ಊಟ ಆಗುತ್ತವೆ, ಅವು ಗಾಳಿ ಬಿಡುತ್ತವೆ. ಆ ಗಾಳಿ ತಿಂದವರ ಕರುಳಿನಲ್ಲೇ ಇರುತ್ತೆ. ಎದೆಹಾಲು ತಯಾರಾಗೋದು ರಕ್ತದಿಂದ. ಅಕ್ಕನ ಕರುಳಿನ ಗಾಳಿ ಹಾಲಿಗೆ ಇಳಿದು ಪುಟ್ಟಿಯ ಹೊಟ್ಟೆ ಸೇರುವ ದಾರಿಯೇ ಇಲ್ಲ. ಕೆಲವೇ ಕೆಲವು ಮಕ್ಕಳಿಗೆ ಹಸುವಿನ ಹಾಲಿನ ಪ್ರೋಟೀನ್ ಆಗಿಬರಲ್ಲ. ತಾಯಿ ಕುಡಿದ ಹಾಲಿನಿಂದಲೂ ಅಂಥ ಮಕ್ಕಳಿಗೆ ತೊಂದರೆ ಆಗಬಹುದು. ಆದರೆ ಅವರಲ್ಲಿ ಹೆಚ್ಚಾಗಿ ಬೇರೆ ಗುರುತುಗಳೂ ಕಾಣುತ್ತವೆ: ಮಲದಲ್ಲಿ ರಕ್ತ, ಮೈಮೇಲೆ ದದ್ದು, ತೂಕ ಏರದಿರುವುದು. ಅದನ್ನು ಡಾಕ್ಟರ್ ನೋಡಿ ಹೇಳಬೇಕು, ಪಕ್ಕದ ಮನೆಯವರಲ್ಲ.

ಇನ್ನು ಕಕ್ಕುವ ವಿಷಯ. ಅನ್ನನಾಳ ಮತ್ತು ಜಠರ ಸೇರುವ ಕಡೆ ವಾಲ್ವ್ ಥರ ಒಂದು ಸ್ನಾಯುವಿನ ಬಳೆ ಇದೆ. ಎಳೆ ಮಕ್ಕಳಲ್ಲಿ ಅದು ಇನ್ನೂ ಬಿಗಿಯಾಗಿರಲ್ಲ. ಊಟವೆಲ್ಲ ನೀರಾದ ಹಾಲು, ಇಡೀ ದಿನ ಮಲಗೇ ಇರೋದು, ಅದಕ್ಕೆ ಸ್ವಲ್ಪ ಒತ್ತಡ ಬಿದ್ದರೂ ಹಾಲು ವಾಪಸ್. ಹಾಲು ಕುಡಿಸಿದ ಮೇಲೆ ಇಪ್ಪತ್ತು ಮೂವತ್ತು ನಿಮಿಷ ನೆಟ್ಟಗೆ ಹಿಡಿದುಕೊಂಡಿದ್ದರೆ ಎಷ್ಟೋ ಕಮ್ಮಿ ಆಗುತ್ತೆ. ಭುಜದ ಮೇಲೆ ಹಾಕಿಕೊಂಡು ಬೆನ್ನು ಸವರುವುದು ಅದಕ್ಕೇ. ತೇಗು ಬಂದರೆ ನುಂಗಿದ ಗಾಳಿ ಹೊರಗೆ ಬಂತು ಅಂತ ಅರ್ಥ. ಬರದಿದ್ದರೆ ಬಡಿದು ಬರಿಸುವ ಅಗತ್ಯ ಇಲ್ಲ. ಮಗು ನಗುನಗುತ್ತಾ ಇದ್ದು, ತೂಕ ಏರುತ್ತಿದ್ದರೆ, ಕಕ್ಕಿದ ಹಾಲು ಬರೀ ಬಟ್ಟೆ ಒಗೆಯುವವರ ಸಮಸ್ಯೆ. ನಮ್ಮ ಮನೆಯಲ್ಲಿ ಆ ಕೆಲಸ ತಮ್ಮನದು.

ಮದ್ದುಗಳ ವಿಷಯಕ್ಕೆ ಬಂದರೆ ಅಜ್ಜಿಯ ಡಬ್ಬಿಯಲ್ಲಿ ಎಲ್ಲಾ ಇತ್ತು: ಬಜೆ, ಜಾಯಿಕಾಯಿ, ಅಳಲೆಕಾಯಿ, ಓಮ, ಇಂಗು, ಹರಳೆಣ್ಣೆ. ಬಜೆಯನ್ನು ಸುಟ್ಟು, ಸಾಣೆಕಲ್ಲಿನ ಮೇಲೆ ತೇಯ್ದು ನಾಲಿಗೆಗೆ ಸವರಿದರೆ ಹೊಟ್ಟೆಯೂ ಸರಿಯಾಗುತ್ತೆ, ಮಾತೂ ಬೇಗ ಬರುತ್ತೆ ಅನ್ನೋದು ನಮ್ಮ ಕಡೆಯ ನಂಬಿಕೆ. ಬಜೆಯಲ್ಲಿ ಬೀಟಾ-ಅಸರೋನ್ ಅನ್ನುವ ಅಂಶ ಇದೆ. ಪ್ರಾಣಿಗಳ ಮೇಲಿನ ಪ್ರಯೋಗದಲ್ಲಿ ಅದು ಹಾನಿಕರ ಅಂತ ಕಂಡುಬಂದದ್ದರಿಂದ ಅಮೆರಿಕದಲ್ಲಿ 1968ರಲ್ಲೇ ಬಜೆಯನ್ನು ಆಹಾರದಲ್ಲಿ ಬಳಸುವುದನ್ನು ನಿಷೇಧಿಸಿದರು. ಜೊತೆಗೆ ತೇಯುವ ಕಲ್ಲು, ನೀರು, ಬೆರಳು ಇವುಗಳ ಶುಚಿಯ ಪ್ರಶ್ನೆ ಬೇರೆ.

ಗ್ರೈಪ್ ವಾಟರ್ ಅಮ್ಮನ ಆಯ್ಕೆ. ಇದು ನಮ್ಮ ದೇಶದ್ದೇ ಅಂತ ನಾವು ಅಂದುಕೊಂಡಿದ್ದೆವು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ವಿಲಿಯಂ ವುಡ್‌ವರ್ಡ್ ಅನ್ನುವವರು 1851ರಲ್ಲಿ ತಯಾರಿಸಿದ್ದಂತೆ. ಹಳೆಯ ಗ್ರೈಪ್ ವಾಟರಿನಲ್ಲಿ ಸಬ್ಬಸಿಗೆ ಎಣ್ಣೆ, ಅಡುಗೆ ಸೋಡಾ, ಸಕ್ಕರೆ ಮತ್ತು ಸ್ವಲ್ಪ ಆಲ್ಕೋಹಾಲ್ ಇರುತ್ತಿತ್ತು! ಈಗ ಆಲ್ಕೋಹಾಲ್ ತೆಗೆದಿದ್ದಾರೆ. ಸಿಹಿ ನಾಲಿಗೆಗೆ ತಾಗಿದರೆ ಎಳೆ ಮಕ್ಕಳು ಸ್ವಲ್ಪ ಹೊತ್ತು ಸುಮ್ಮನಾಗುವುದು ನಿಜ, ಹೊಟ್ಟೆ ಸರಿಯಾಗಿದ್ದಕ್ಕೇ ಸುಮ್ಮನಾದಳು ಅನ್ನೋಕಾಗಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ಸರಳ: ಮೊದಲ 6 ತಿಂಗಳು ಎದೆಹಾಲು ಮಾತ್ರ, ನೀರೂ ಬೇಡ. ಡಾಕ್ಟರ್ ಬರೆದುಕೊಟ್ಟ ಔಷಧಿ, ವಿಟಮಿನ್ ಡ್ರಾಪ್ಸ್, ಒಆರ್‌ಎಸ್ ಇವು ಮಾತ್ರ ಅದಕ್ಕೆ ಹೊರತು. ಹಾಗಾಗಿ ಓಮದ ನೀರೂ ಇಲ್ಲ, ಹರಳೆಣ್ಣೆಯೂ ಇಲ್ಲ. ಜೇನುತುಪ್ಪವಂತೂ ಒಂದು ವರ್ಷದವರೆಗೆ ಬೇಡವೇ ಬೇಡ, ಬಾಟ್ಯುಲಿಸಂ ಅನ್ನುವ ಅಪಾಯದ ಕಾಯಿಲೆ ಬರಬಹುದು. ಮೆಡಿಕಲ್ ಶಾಪಿನಲ್ಲಿ ತಾವಾಗಿಯೇ ಕೇಳಿ ತರುವ ಹೊಟ್ಟೆನೋವಿನ ಡ್ರಾಪ್ಸ್ ಕೂಡ ಹಾಗೆಯೇ. ಡೈಸೈಕ್ಲೋಮಿನ್ ಇರುವ ಡ್ರಾಪ್ಸನ್ನು 6 ತಿಂಗಳೊಳಗಿನ ಮಕ್ಕಳಿಗೆ ಕೊಡಬಾರದು, ಉಸಿರಾಟಕ್ಕೇ ತೊಂದರೆ ಆಗಬಹುದು.

ಇಷ್ಟೆಲ್ಲ ಕೇಳಿದ ಅಜ್ಜಿಯ ಮುಖ ಸಣ್ಣದಾಯಿತು. "ನಿಮ್ಮಪ್ಪನ್ನ ಬೆಳೆಸಿದ್ದು ಇದೇ ಬಜೆ ಕಣ್ರೋ" ಅಂದಳು. ಎರಡು ದಿನ ಡಬ್ಬಿ ಮುಟ್ಟಲಿಲ್ಲ, ನಮ್ಮ ಹತ್ತಿರ ಸರಿಯಾಗಿ ಮಾತೂ ಆಡಲಿಲ್ಲ. ಆದರೆ ಒಂದು ಕೆಲಸ ಮಾತ್ರ ಬಿಟ್ಟಿರಲಿಲ್ಲ. ಬೆಳಿಗ್ಗೆ ಎದ್ದ ಕೂಡಲೇ, ರಾತ್ರಿ ಮಲಗುವ ಮುಂಚೆ ಪುಟ್ಟಿಯ ನೆತ್ತಿಯ ಮೇಲೆ ಅಂಗೈ ಇಟ್ಟು ನೋಡುತ್ತಿದ್ದಳು. ಎಣ್ಣೆ ಆರಿದೆಯಾ ಅಂತ ನೋಡ್ತಾಳೇನೋ ಅಂದುಕೊಂಡಿದ್ದೆವು. ಮೂರನೇ ದಿನ ರಾತ್ರಿ, ಪುಟ್ಟಿ ಮಲಗಿದ ಮೇಲೆ, "ಯಾಕಜ್ಜಿ ಯಾವಾಗಲೂ ನೆತ್ತಿ ಮುಟ್ಟಿ ನೋಡ್ತೀಯ?" ಅಂತ ಕೇಳಿದೆವು.

ಅಪ್ಪನಿಗೆ ಒಬ್ಬ ತಮ್ಮ ಇದ್ದ. ನಮಗೆ ಗೊತ್ತೇ ಇರಲಿಲ್ಲ. 1974ರ ಬೇಸಿಗೆ, ಮಗುವಿಗೆ ಒಂಬತ್ತು ತಿಂಗಳು. ವಾಂತಿಬೇಧಿ ಶುರುವಾಯಿತು. ನೀರು ಕೊಟ್ಟರೆ ಬೇಧಿ ಇನ್ನೂ ಜಾಸ್ತಿ ಆಗುತ್ತೆ ಅಂತ ಹಿರಿಯರು ನೀರು, ಹಾಲು ಎರಡನ್ನೂ ನಿಲ್ಲಿಸಿದರು. ಒಬ್ಬರು ಬಜೆ ತೇಯ್ದರು, ಇನ್ನೊಬ್ಬರು ಹೊಟ್ಟೆಗೆ ಬರೆ ಹಾಕಿಸಿ ಅಂದರು. "ಬರೆ ಮಾತ್ರ ನಾನು ಬಿಡಲಿಲ್ಲ" ಅಂದಳು ಅಜ್ಜಿ. ಎರಡನೇ ದಿನ ಮಗುವಿನ ನೆತ್ತಿ ಗುಳಿ ಬಿದ್ದಿತ್ತು, ಅತ್ತರೆ ಕಣ್ಣೀರು ಬರುತ್ತಿರಲಿಲ್ಲ. ಎತ್ತಿನ ಗಾಡಿ ಕಟ್ಟಿಕೊಂಡು ಹಳ್ಳಿಯಿಂದ ತಿಪಟೂರಿಗೆ ಹೊರಟರು. ದಾರಿಯಲ್ಲೇ ಹೋಯಿತು. "ಬಾಯಿ ಚಪ್ಪರಿಸ್ತಿತ್ತು ಕಣ್ರೋ, ನೀರಿಗೆ" ಅಂತ ಹೇಳಿ ಸುಮ್ಮನಾದಳು.

ಆ ರಾತ್ರಿ ನಮಗೆ ಅಜ್ಜಿಯ ಡಬ್ಬಿ ಅರ್ಥವಾಯಿತು. ಮಗು ಅತ್ತಾಗ ಏನೂ ಮಾಡದೆ ಸುಮ್ಮನೆ ಕೂತಿರೋಕೆ ಅವಳಿಂದ ಆಗಲ್ಲ. ಏನಾದರೂ ಒಂದು ಕೊಡಬೇಕು.

ಮಾರನೇ ದಿನ ನಾವು ಒಆರ್‌ಎಸ್ ಬಗ್ಗೆ ಓದಿದೆವು. 1971ರ ಬಾಂಗ್ಲಾ ಯುದ್ಧದ ಹೊತ್ತಿನಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿತ್ತು. ಡ್ರಿಪ್ ಬಾಟಲಿಗಳು ಮುಗಿಯುತ್ತಾ ಬಂದಾಗ ಡಾಕ್ಟರ್ ದಿಲೀಪ್ ಮಹಾಲನಬಿಸ್ ಅವರು ಉಪ್ಪು, ಸೋಡಾ, ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಮನೆಯವರ ಕೈಯಲ್ಲೇ ಕುಡಿಸಿದರು. ಶೇ. 30ರ ಸುಮಾರಿಗಿದ್ದ ಸಾವು ಶೇ. 4ಕ್ಕಿಂತ ಕೆಳಗಿಳಿಯಿತು. ಅವರು 2022ರಲ್ಲಿ ತೀರಿಕೊಂಡರು, ಮುಂದಿನ ವರ್ಷ ಅವರಿಗೆ ಪದ್ಮವಿಭೂಷಣ ಬಂತು. ಇದರ ಕೆಲಸ ನೋಡಿದರೆ ಎಂಥ ಎಂಜಿನಿಯರ್‌ಗೂ ಖುಷಿಯಾಗುತ್ತೆ. ಬೇಧಿಯಾದಾಗಲೂ ಕರುಳಿನ ಗೋಡೆಯಲ್ಲಿ ಒಂದು ಬಾಗಿಲು ಸಾಮಾನ್ಯವಾಗಿ ಕೆಲಸ ಮಾಡುತ್ತಲೇ ಇರುತ್ತೆ. ಆ ಬಾಗಿಲಲ್ಲಿ ಒಂದು ಗ್ಲೂಕೋಸ್ ಅಣು ಒಳಗೆ ಹೋಗುವಾಗ ಜೊತೆಗೆ ಎರಡು ಸೋಡಿಯಂ ಹೋಗುತ್ತವೆ. ಅವುಗಳ ಹಿಂದೆ ನೀರು ಹೋಗುತ್ತೆ. ಬರೀ ನೀರು, ಬರೀ ಉಪ್ಪು, ಬರೀ ಸಕ್ಕರೆ ಈ ಕೆಲಸ ಮಾಡಲ್ಲ. ಮೂರೂ ಸರಿಯಾದ ಅಳತೆಯಲ್ಲಿ ಬೇಕು.

ಬನಗಾಂವ್‌ನಲ್ಲಿ ಸಾವಿರಾರು ಜನ ಬದುಕಿ ಮೂರು ವರ್ಷ ಆಗಿದ್ದರೂ ಅಜ್ಜಿಯ ಹಳ್ಳಿಗೆ ಆ ಮಾತು ತಲುಪಿರಲಿಲ್ಲ. ಇದನ್ನು ಅಜ್ಜಿಗೆ ಹೇಳಬೇಕೋ ಬೇಡವೋ ಅಂತ ನಾವು ತುಂಬಾ ಹೊತ್ತು ಯೋಚನೆ ಮಾಡಿದೆವು. ಕೊನೆಗೆ ಹೇಳಿದೆವು. ಪೂರ್ತಿ ಕೇಳಿ, "ಒಂದು ಪೊಟ್ಟಣ ತಂದು ಇಡ್ರೋ ಮನೇಲಿ" ಅಂದಳು, ಅಷ್ಟೇ. ಈಗ ಅದು ಅವಳ ಡಬ್ಬಿಯಲ್ಲಿ, ಇಂಗಿನ ಪಕ್ಕದಲ್ಲಿದೆ. ನೀವೂ ತಂದಿಡಿ. ಡಬ್ಲ್ಯೂಎಚ್‌ಒ ಸೂತ್ರ ಅಂತ ಬರೆದಿರುವ ಪುಡಿಯೇ ಆಗಬೇಕು, ಹಣ್ಣಿನ ರುಚಿಯ ಸಿಹಿ ಪಾನೀಯ ಅಲ್ಲ. ಪೊಟ್ಟಣದ ಮೇಲೆ ಬರೆದಷ್ಟೇ ನೀರು, ಹೆಚ್ಚೂ ಬೇಡ ಕಮ್ಮಿಯೂ ಬೇಡ. ಮಗುವಿಗೆ ಬೇಧಿಯಾದರೆ ಎದೆಹಾಲು ನಿಲ್ಲಿಸಬಾರದು, ಚಮಚದಲ್ಲಿ ಸ್ವಲ್ಪಸ್ವಲ್ಪ ಒಆರ್‌ಎಸ್ ಕೊಡುತ್ತಾ ಡಾಕ್ಟರ್ ಹತ್ತಿರ ಹೋಗಬೇಕು. ಅವರು ಝಿಂಕ್ ಕೂಡ ಕೊಡುತ್ತಾರೆ. ಆರು ವಾರಕ್ಕೆ ಪುಟ್ಟಿಯ ಬಾಯಿಗೆ ಹಾಕಿದ ಹನಿಗಳಲ್ಲಿ ಒಂದು ರೋಟಾವೈರಸ್ ಲಸಿಕೆ, ಅದೂ ಬೇಧಿಯ ವಿರುದ್ಧವೇ.

ಅಜ್ಜಿಯೊಂದಿಗೆ ಒಪ್ಪಂದವನ್ನು ಮಾಡಿಕೊಟ್ಟಿದ್ದು ಡಾಕ್ಟರೇ. ಮುಂದಿನ ಸಲ ಹೋದಾಗ ಅಜ್ಜಿಗೆ ಅವರು ಹೇಳಿದ್ದು ಇಷ್ಟು: "ನಿಮ್ಮ ಎಣ್ಣೆ, ನೀರು, ಭುಜ, ಜೋಲಿ ಎಲ್ಲಾ ಸರಿ ಇದೆ ಅಜ್ಜಿ. ಬಾಯಿಗೆ ಮಾತ್ರ ಏನೂ ಬೇಡ." ಅಜ್ಜಿಗೆ ಮುಖ ಅರಳಿತು. ನಿಜವಾಗಿಯೂ ನೋಡಿದರೆ, ಈಗಿನ ಡಾಕ್ಟರ್‌ಗಳು ಹೇಳುವ ಹೊರಗಿನ ಉಪಾಯಗಳೆಲ್ಲ ಅಜ್ಜಿಯ ಕೈಯಲ್ಲಿ ಮೊದಲೇ ಇದ್ದವು. ಕಾಲು ಚಾಚಿ ಕೂತು, ಮಗುವನ್ನು ಕಾಲಿನ ಮೇಲೆ ಮಲಗಿಸಿ, ಹೊಕ್ಕುಳ ಸುತ್ತ ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಮೆಲ್ಲಗೆ ಎಣ್ಣೆ ಸವರುವುದು. ದೊಡ್ಡ ಕರುಳು ಸಾಗುವುದೂ ಅದೇ ದಿಕ್ಕಿನಲ್ಲಿ. ಎರಡು ಕಾಲನ್ನೂ ಸೈಕಲ್ ತುಳಿಸಿದ ಹಾಗೆ ಹೊಟ್ಟೆಗೆ ಮಡಚಿ ಬಿಡುವುದು. ಮುಂಗೈ ಮೇಲೆ ಬೋರಲು ಮಲಗಿಸಿಕೊಂಡು ಓಡಾಡುವುದು. ಬಿಸಿನೀರಿನ ಸ್ನಾನ, ಸೀರೆಯ ಜೋಲಿ, ದೀಪ ಸಣ್ಣಗೆ ಮಾಡಿ ಒಂದೇ ರಾಗದಲ್ಲಿ ಜೋಗುಳ. ಇಂಗನ್ನು ನೀರಲ್ಲಿ ಕಲಸಿ ಹೊಟ್ಟೆ ಮೇಲೆ ಸವರುವ ಬದಲು ಈಗ ಅಜ್ಜಿ ಬರೀ ಬೆಚ್ಚಗಿನ ಅಂಗೈ ಇಡುತ್ತಾಳೆ. ಬಜೆಯನ್ನು ಕಪ್ಪು ದಾರದಲ್ಲಿ ಕಟ್ಟಿ ಪುಟ್ಟಿಯ ಕೈಗೆ ಸಿಗದಷ್ಟು ಎತ್ತರದಲ್ಲಿ ಗೋಡೆಗೆ ನೇತು ಹಾಕಿದ್ದಾಳೆ, ದೃಷ್ಟಿಗೆ ಇರಲಿ ಅಂತ. ನಮ್ಮದೇನೂ ತಕರಾರಿಲ್ಲ. ಹೊಸದಾಗಿ ಸೇರಿಸಿದ್ದು ಒಂದೇ: ನಿದ್ದೆಗೆ ಮಾತ್ರ ಯಾವಾಗಲೂ ಅಂಗಾತ, ಬೋರಲು ಎಚ್ಚರ ಇದ್ದಾಗ, ನಾವು ಎದುರಿಗಿದ್ದಾಗ.

ಒಂದು ಸಲ ಪುಟ್ಟಿ ನಾಲ್ಕು ದಿನ ಕಕ್ಕ ಮಾಡಲಿಲ್ಲ. ವೀಳ್ಯದೆಲೆಯ ತೊಟ್ಟನ್ನು ಹರಳೆಣ್ಣೆಯಲ್ಲಿ ಅದ್ದಿ ಹಿಂದೆ ಇಡೋಣ ಅಂತ ಅಜ್ಜಿ ಎದ್ದಳು. ಡಾಕ್ಟರ್‌ಗೆ ಫೋನ್ ಮಾಡಿದೆವು. ಎದೆಹಾಲು ಮಾತ್ರ ಕುಡಿಯುವ ಮಕ್ಕಳು ಆರು ವಾರ ಕಳೆದ ಮೇಲೆ ಕೆಲವು ಸಲ ವಾರದವರೆಗೂ ಹೋಗದಿರಬಹುದು, ಹೊಟ್ಟೆ ಮೆತ್ತಗಿದ್ದು, ಹಾಲು ಕುಡೀತಾ ಇದ್ದು, ವಾಂತಿ ಇಲ್ಲದಿದ್ದರೆ ಕಾಯಿರಿ ಅಂದರು. ತಿಣುಕಿದ ಮಾತ್ರಕ್ಕೆ ಮಲಬದ್ಧತೆ ಅಲ್ಲ, ಗಟ್ಟಿಯಾಗಿ ಹಿಕ್ಕೆಯಂತೆ ಬಂದರೆ ಮಾತ್ರ. ಐದನೇ ದಿನ ಬೆಳಿಗ್ಗೆ ಪುಟ್ಟಿ ತಮ್ಮನ ಮಡಿಲಲ್ಲೇ ಕೆಲಸ ಮುಗಿಸಿದಳು. ಇಡೀ ಮನೆ ಚಪ್ಪಾಳೆ ತಟ್ಟಿತು.

ನಮ್ಮ ರೆಕಾರ್ಡ್ ಬುಕ್ ಏನು ಹೇಳಿತು? ಐದನೇ ವಾರ ದಿನಕ್ಕೆ ಸರಾಸರಿ 2 ಗಂಟೆ 50 ನಿಮಿಷ ಅಳು. ಆರನೇ ವಾರ 3 ಗಂಟೆ 15 ನಿಮಿಷ. ಎಂಟನೇ ವಾರ 2 ಗಂಟೆ 20 ನಿಮಿಷ. ನಾವು ಕಾಲೇಜಿಗೆ ವಾಪಸ್ ಬಂದ ಮೇಲೆ ತಮ್ಮ ದಿನಾ ವಾಟ್ಸಾಪ್‌ನಲ್ಲಿ ಲೆಕ್ಕ ಕಳಿಸುತ್ತಿದ್ದ. ಹತ್ತನೇ ವಾರ 1 ಗಂಟೆ 10 ನಿಮಿಷ, ಹದಿಮೂರನೇ ವಾರ ಬರೀ 20 ನಿಮಿಷ. ಗ್ರಾಫ್ ಹಾಕಿದರೆ ಒಂದು ಗುಡ್ಡ ಏರಿ ಇಳಿದ ಹಾಗೆ. ಅಕ್ಕ ಎಲ್ಲಾ ಬಿಟ್ಟು ಬರೀ ಸಾರನ್ನ ತಿಂದ ವಾರವೇ ಅಳು ಅತಿ ಹೆಚ್ಚು. ಎಲ್ಲಾ ತಿನ್ನಲು ಶುರು ಮಾಡಿದ ಮೇಲೆ ಇಳಿಯುತ್ತಾ ಬಂತು. ಒಂದೇ ಮಗುವಿನ ಲೆಕ್ಕದಿಂದ ಏನನ್ನೂ ಸಾಬೀತು ಮಾಡೋಕಾಗಲ್ಲ ಅಂತ ನಮಗೂ ಗೊತ್ತು. ಆದರೆ ಒಂದು ಮಾತು ನಮಗೆ ಹೊಳೆಯಿತು. ಗುಡ್ಡದ ತುದಿಯಲ್ಲಿ ನಿಂತಾಗ ಯಾರು ಯಾವ ಮದ್ದು ಕೊಟ್ಟರೂ ಅದಾದ ಮೇಲೆ ಇಳಿಜಾರೇ. ಆಗ ಮದ್ದಿಗೆ ಹೆಸರು ಬರುತ್ತೆ. ಮನೆಮನೆಗಳಲ್ಲಿ ಇಷ್ಟೊಂದು ಮದ್ದುಗಳು ಉಳಿದುಕೊಂಡು ಬಂದಿರೋದು ಹೀಗೇ ಇರಬೇಕು.

ಆದರೆ ಎಲ್ಲಾ ಅಳುವನ್ನೂ ಕಾಲಿಕ್ ಅಂತ ಕಾಯುತ್ತಾ ಕೂರಬಾರದು. ಇದನ್ನು ದಯವಿಟ್ಟು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ವಾಂತಿ ಹಸಿರು ಬಣ್ಣ ಇದ್ದರೆ, ಪ್ರತಿ ಸಲ ಹಾಲು ಕುಡಿದ ಮೇಲೂ ಚಿಮ್ಮಿದ ಹಾಗೆ ದೂರಕ್ಕೆ ಹಾರಿದರೆ, ಮಲದಲ್ಲಿ ರಕ್ತ ಕಂಡರೆ, ಹೊಟ್ಟೆ ಗಟ್ಟಿಯಾಗಿ ಬಿಗಿದುಕೊಂಡಿದ್ದರೆ, 3 ತಿಂಗಳೊಳಗಿನ ಮಗುವಿಗೆ ಜ್ವರ 38 ಡಿಗ್ರಿ ಸೆಲ್ಸಿಯಸ್, ಅಂದ್ರೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ, ಮಗು ಹಾಲು ಕುಡಿಯುವುದನ್ನೇ ಬಿಟ್ಟರೆ, ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ, ಉಚ್ಚೆ ತುಂಬಾ ಕಮ್ಮಿಯಾದರೆ, ನೆತ್ತಿ ಗುಳಿ ಬಿದ್ದರೆ ತಕ್ಷಣ ಆಸ್ಪತ್ರೆ. ರಾತ್ರಿ ಎಷ್ಟು ಹೊತ್ತಾದರೂ ಸರಿ.

ಇನ್ನೊಂದು ಮಾತು ಎತ್ತಿಕೊಂಡಿರುವವರಿಗೆ. ಎರಡು ಗಂಟೆ ಅಳು ಕೇಳಿದ ಮೇಲೆ ಎಂಥವರಿಗೂ ತಲೆ ಕೆಡುತ್ತೆ. ಸಿಟ್ಟು ಬಂತು ಅನ್ನಿಸಿದರೆ ಮಗುವನ್ನು ಇನ್ನೊಬ್ಬರ ಕೈಗೆ ಕೊಡಿ, ಯಾರೂ ಇಲ್ಲದಿದ್ದರೆ ತೊಟ್ಟಿಲಲ್ಲಿ ಅಂಗಾತ ಮಲಗಿಸಿ ಐದು ನಿಮಿಷ ಆಚೆ ಹೋಗಿ ಬನ್ನಿ. ಅಕ್ಕ ಆ ರಾತ್ರಿ ಮಾಡಿದ್ದು ಅದನ್ನೇ, ಮತ್ತು ಅದು ಸರಿಯಾದ ಕೆಲಸ. ಎಳೆ ಮಗುವನ್ನು ಯಾವ ಕಾರಣಕ್ಕೂ ಜೋರಾಗಿ ಅಲ್ಲಾಡಿಸಬಾರದು, ಮಿದುಳಿಗೆ ಪೆಟ್ಟಾಗುತ್ತೆ.

ಆರು ವಾರದ ಲಸಿಕೆ ಮುಗಿಸಿ ಬಂದ ಮೇಲೆ, ಫೆಬ್ರವರಿ ಮೊದಲ ವಾರದ ಒಂದು ಮಧ್ಯಾಹ್ನ, ಆ ವರ್ಷದ ಕೊನೆಯ ಅವರೆಕಾಯಿ ತಂದಿದ್ದರು ಅಪ್ಪ. ಹಿತಕಿದಬೇಳೆ ಸಾರಾಗಿತ್ತು. ಅಜ್ಜಿಯೇ ತಟ್ಟೆಗೆ ಬಿಸಿ ಮುದ್ದೆ ಹಾಕಿ, ಮೇಲೆ ಎರಡು ಸೌಟು ಸಾರು ಬಿಟ್ಟು, ಅಕ್ಕನ ರೂಮಿಗೆ ತೆಗೆದುಕೊಂಡು ಹೋದಳು. "ತಿನ್ನು. ನಾನು ಎತ್ಕೊಂಡಿರ್ತೀನಿ" ಅಂದಳು. ಆವತ್ತು ಸಂಜೆ ಪುಟ್ಟಿ ಎಂದಿನಂತೆ ಆರೂವರೆಗೇ ಅತ್ತಳು. ಯಾರೂ ಅಕ್ಕನನ್ನು ಏನೂ ಕೇಳಲಿಲ್ಲ.

ಗೆಳೆಯರೇ, ನಮಗೆ ಮಗು ಎತ್ತಿಕೊಳ್ಳೋಕೆ ಬರಲ್ಲ, ಅದೆಲ್ಲ ಹೆಂಗಸರ ಕೆಲಸ, ದೊಡ್ಡವರ ಕೆಲಸ ಅಂತ ರೂಮಿನ ಬಾಗಿಲು ಹಾಕಿಕೊಂಡು ಕೂರಬೇಡಿ. ನಮ್ಮ ತಮ್ಮ ಬೋರ್ಡ್ ಎಕ್ಸಾಮ್‌ಗೆ ಕೆಮಿಸ್ಟ್ರಿ ಓದಿದ್ದು ಪುಟ್ಟಿಯನ್ನು ಭುಜದ ಮೇಲೆ ಹಾಕಿಕೊಂಡು, ನಡುಮನೆಯಲ್ಲಿ ಓಡಾಡುತ್ತಾ. ತಲೆಗೆ ಕೈ ಆಸರೆ ಕೊಟ್ಟು ಹಿಡಿಯೋದು ಒಂದು ಕಲಿತರೆ ಸಾಕು. ಸಂಜೆ ಎರಡು ಗಂಟೆ ನಿಮ್ಮ ಭುಜ ಕೊಡಿ. ಆ ಎರಡು ಗಂಟೆಯಲ್ಲಿ ಬಾಣಂತಿ ಹೊಟ್ಟೆ ತುಂಬಾ ಉಂಡು, ಒಂದು ನಿದ್ದೆ ಮಾಡಿ ಏಳುತ್ತಾಳೆ.